ಚುಂಗಾಣಿಯ ಮೆರುಗು: ಮೂರು ತಾಲ್ಲೂಕುಗಳ ಒಂದು ಮೀಮಾಂಸೆ

ಕಟ್ಟಿಗೆಯ ಚುಂಗಾಣಿಯ ಮೆರುಗನ್ನು ಕಾಪಾಡುವುದು ಹೇಗೆಂಬ ಪ್ರಶ್ನೆಗೆ ಪಾಶ್ಚಾತ್ಯ ಪಂಡಿತರು ಸವೆಸಿದ ಅರಿವೆ ಚೂರುಗಳಿಗೆ ಲೆಕ್ಕವಿಲ್ಲ. ಭೂಮಧ್ಯ ಸಮುದ್ರದ ದಂಡೆಯ ಬ್ರಯರ್ ಪೊದೆಯ ಬೇರುಗಂಟನ್ನು ಅಗೆದು, ತಾಸುಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ, ಕೊರೆದು, ಕೊನೆಗೆ ಬ್ರೆಜಿಲಿನ ಕಾರ್ನೌಬಾ ತಾಳೆಯ ಗರಿಯಿಂದ ತೆಗೆದ ಮೇಣ ಹಚ್ಚಿ ಹೊಳಪು ತರುತ್ತಾರೆ. ಇಷ್ಟೆಲ್ಲ ಮಾಡಿ ಅದರೊಳಗೆ ಕೆಂಡ ಮಾಡುತ್ತಾರೆ. ಮೇಣ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ. ಕೆಂಡದ ಕಾವು ನೂರಾರು ಡಿಗ್ರಿ. ಅರಗಿನ ವಾರ್ನಿಷು ಹಚ್ಚಿದವರ ಗತಿ ಇನ್ನೂ ಕಷ್ಟ: ಕಾವಿಗೆ ಗುಳ್ಳೆ ಏಳುತ್ತದೆ, ಮದ್ಯದ ಹನಿ ಬಿದ್ದರೆ ಕರಗುತ್ತದೆ. ಗಟ್ಟಿ ರಬ್ಬರಿನ ಬಾಯಿತುದಿ ಬಿಸಿಲಿಗೆ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಬೇರೆ ದಾರಿ ಕಾಣದೆ ಕೆಲವರು ಚುಂಗಾಣಿಯನ್ನು ತಮ್ಮ ಮೂಗಿನ ಪಕ್ಕಕ್ಕೆ ಉಜ್ಜಿ, ಅಲ್ಲಿನ ಜಿಡ್ಡಿನಿಂದಲೇ ಹೊಳಪು ಪಡೆಯುವುದೂ ಉಂಟು. ಶಾಸ್ತ್ರವೊಂದು ಮೂಗಿನ ಜಿಡ್ಡಿಗೆ ಬಂದು ನಿಂತಿತೆಂದರೆ ಅದರ ಮೂಲದಲ್ಲೇ ಏನೋ ದೋಷವಿರಬೇಕು.

ಆ ದೋಷವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಸದ್ದಿಲ್ಲದೆ ಪರಿಹರಿಸಿವೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಪರಿಹಾರ ಸರಳ: ಕಟ್ಟಿಗೆ, ಕೊಳವೆ, ಬೆಂಕಿ ಮೂರನ್ನೂ ಕೈಬಿಡುವುದು, ಉಳಿದ ಕೈಯನ್ನೇ ಚುಂಗಾಣಿ ಮಾಡಿಕೊಳ್ಳುವುದು. ಎಡ ಅಂಗೈ ಬಟ್ಟಲು, ಬಲ ಹೆಬ್ಬೆರಳು ಒರೆಯುವ ಕೊರಡು. ನಡುವೆ ಒಂದು ಚಿಟಿಕೆ ತಂಬಾಕ, ಉಗುರಿನ ತುದಿಯಷ್ಟು ಸುಣ್ಣ. ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಬಿಡುಗಡೆಯಾಗಿ, ಹೊಗೆಯ ಹಂಗಿಲ್ಲದೆ ಬಾಯಿಯ ತೆಳುಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಪಾಶ್ಚಾತ್ಯರಲ್ಲಿ ಸೇದುವುದು ಒಂದು ಕೆಲಸ, ಒರೆಸುವುದು ಇನ್ನೊಂದು. ಇಲ್ಲಿ ತಿಕ್ಕದೆ ಸೇವನೆಯೇ ಇಲ್ಲ, ಆದ್ದರಿಂದ ಪಾಲಿಷು ತಪ್ಪುವ ಮಾತೇ ಇಲ್ಲ. ಒಮ್ಮೆ ಸೇದಿದ ಚುಂಗಾಣಿ ಒಂದು ದಿನವಾದರೂ ಆರಬೇಕೆಂದು ಅಲ್ಲಿಯ ರಸಿಕರು ವಾರಕ್ಕೆ ಏಳು ಇಟ್ಟುಕೊಳ್ಳುತ್ತಾರೆ. ಇಲ್ಲಿ ದೇವರು ಕೊಟ್ಟ ಎರಡೇ, ಅದರಲ್ಲೊಂದು ಜೋಳದ ರೊಟ್ಟಿಯನ್ನೂ ಮುರಿಯಬೇಕು. ಈ ಪದ್ಧತಿ ಮೂರು ತಾಲ್ಲೂಕುಗಳ ಸೊತ್ತು ಮಾತ್ರವಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸೇದುವವರು ಶೇಕಡಾ 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡಾ 21.4. ಬಹುಮತ ಯಾರ ಕಡೆಗಿದೆ ಎಂದು ಹೇಳಬೇಕಿಲ್ಲ.

ಇನ್ನು ಪೂರ್ವಪಕ್ಷ. ಅಂಗೈ ಕಟ್ಟಿಗೆಯಲ್ಲ ಎಂಬುದು ಮೊದಲ ಆಕ್ಷೇಪ. ಕುಂಟೆ, ಕುರಿಗೆ, ಕುಡುಗೋಲು ಹಿಡಿದು ತೊಗರಿ ಕೊಯ್ದ ಅಂಗೈಯನ್ನು ಒಮ್ಮೆ ಮುಟ್ಟಿದವರು ಈ ಆಕ್ಷೇಪ ಎತ್ತುವುದಿಲ್ಲ. ಚರ್ಮವನ್ನು ಒಂದೇ ಕಡೆ ಮೇಲಿಂದ ಮೇಲೆ ಉಜ್ಜಿದರೆ ಅದು ಕೆರಾಟಿನ್ ಪದರಗಳನ್ನು ಪೇರಿಸಿಕೊಂಡು ಜಡ್ಡುಗಟ್ಟುತ್ತದೆ. ಸವೆದಷ್ಟೂ ದಪ್ಪವಾಗುವ ಈ ಗುಣ ಯಾವ ಬ್ರಯರಿಗೂ ಇಲ್ಲ. (ಈ ಕೆರಾಟಿನ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸವಿದೆ.) ಚಿಲುಮಿ, ಹುಕ್ಕಾ ಇದ್ದವಲ್ಲ ಎಂಬುದು ಎರಡನೆಯದು. ಚಿಲುಮಿ ಮಣ್ಣಿನದು. ಬೀದರಿನ ಹೆಸರಾಂತ ಹುಕ್ಕಾ ಬುಡ ಸತು-ತಾಮ್ರದ ಬೆರಕೆ, ಅದರ ಕಪ್ಪು ಬೀದರ ಕೋಟೆಯ ಮಣ್ಣಿನ ಕೃಪೆ. ಎರಡೂ ಮರಗೆಲಸದ ಸೀಮೆಗೆ ಬರುವುದಿಲ್ಲ, ಮುಂದೆ ಸಾಗೋಣ. ಮೂರನೆಯ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ: ಮೆರುಗಿನ ಎಣ್ಣೆಯೇ ಇಲ್ಲದ ಸೀಮೆಯಲ್ಲಿ ಮೆರುಗಿನ ಶಾಸ್ತ್ರ ಹೇಗೆ ಹುಟ್ಟೀತು? ನಿಜ ಸಂಗತಿ ತದ್ವಿರುದ್ಧ. ಭೀಮಾ ದಂಡೆಯ ಎರೆಹೊಲ ಅಗಸಿ, ಕುಸುಬಿ ಬೆಳೆಯುವ ನೆಲ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ತಾನೇ ಗಟ್ಟಿ ಪೊರೆಯಾಗುತ್ತದೆ, ಜಗತ್ತಿನ ಬಡಿಗರು ಶತಮಾನಗಳಿಂದ ಮರಕ್ಕೆ ಹಚ್ಚುತ್ತ ಬಂದದ್ದು ಅದನ್ನೇ. ಕುಸುಬಿಗೂ ಆ ಗುಣ ಸಾಕಷ್ಟಿದೆ. ಶೇಂಗಾ ಎಣ್ಣೆ ಹಾಗಲ್ಲ, ಒಣಗದೆ ಅಂಟಿಕೊಂಡು ಕಮಟು ಹಿಡಿಯುತ್ತದೆ. ಕೊರೆಯಲು ಜಾಲಿಯಂಥ ಗಟ್ಟಿಮರವೂ ಇತ್ತು. ಮರ, ಎಣ್ಣೆ ಎರಡೂ ಇದ್ದು ಚುಂಗಾಣಿಗೆ ಕೈಹಾಕದ ಜನ ಅಜ್ಞಾನದಿಂದ ಬಿಟ್ಟರು ಎನ್ನಲಾಗದು. ಅಂಗೈ ಇರುವಾಗ ಜಾಲಿಮರ ಏಕೆ ಕಡಿಯಬೇಕೆಂದು ಬಿಟ್ಟರು ಎಂದೇ ಊಹಿಸಬೇಕಾಗುತ್ತದೆ.

ಹೀಗೆ ಸಿದ್ಧಾಂತ ಗೆದ್ದಿತೆಂದು ಪೇಟ ಸುತ್ತಿಕೊಳ್ಳುವ ಹೊತ್ತಿಗೆ ನಾಲ್ಕನೆಯ ಆಕ್ಷೇಪವೊಂದು ಹಿಂಬಾಗಿಲಿನಿಂದ ಬರುತ್ತದೆ. ಚುಂಗಾಣಿಯನ್ನು ತೆಗೆದುಹಾಕಿದಿರಿ, ಸರಿ. ಅದರ ಮೈ ತಾಳಿಕೊಳ್ಳುತ್ತಿದ್ದ ಪೆಟ್ಟನ್ನು ಈಗ ತಾಳುವವರು ಯಾರು? ಇದಕ್ಕೆ ಉತ್ತರವಾಗಿ ಈ ಪ್ರಬಂಧ ‘ಮೆರುಗಿನ ಸ್ಥಳಾಂತರ ನಿಯಮ’ವೊಂದನ್ನು ಮಂಡಿಸುತ್ತದೆ: ತಂಬಾಕಿನಿಂದ ಕೆಡುವ ಮೈ ಯಾವಾಗಲೂ ಒಂದು ಇರಲೇಬೇಕು, ಅದನ್ನು ಇಲ್ಲಿಂದ ತೆಗೆದರೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಸಾಕ್ಷಿ ಬೇಕಾದರೆ ಊರಿನ ಯಾವುದೇ ಮೆಟ್ಟಿಲ ಮೂಲೆ ನೋಡಬಹುದು; ಬ್ರಯರಿಗೆ ವರ್ಷಗಳ ಮೇಲೆ ಬರುವ ಕೆಂಗಂದು ಬಣ್ಣ ಅಲ್ಲಿ ವಾರದೊಳಗೆ ಬಂದಿರುತ್ತದೆ. ಆದರೆ ಗೋಡೆಗೆ ಸುಣ್ಣ ಬಳಿಯಬಹುದು. ನಿಜವಾದ ಸ್ಥಳಾಂತರ ಆಗಿರುವುದು ಕೆಳತುಟಿ ಮತ್ತು ಒಸಡಿನ ಸಂದಿಗೆ. ಅಲ್ಲಿಯ ಮೃದುಚರ್ಮಕ್ಕೆ ಜಡ್ಡುಗಟ್ಟುವ ಅಭ್ಯಾಸವಿಲ್ಲ. ದಿನವೂ ತಂಬಾಕ-ಸುಣ್ಣ ಇಟ್ಟ ಜಾಗದಲ್ಲಿ ಅದು ಬೇರೆ ಗತಿಯಿಲ್ಲದೆ ಅಂಗೈಯ ವಿದ್ಯೆಯನ್ನೇ ಕಲಿತು ಕೆರಾಟಿನ್ ಪೇರಿಸಿಕೊಳ್ಳುತ್ತದೆ. ಬೆಳ್ಳಗೆ, ಸುಕ್ಕುಸುಕ್ಕಾಗಿ, ಗಡುಸಾಗುತ್ತದೆ. ಅಂಗೈಯಲ್ಲಿ ಇದಕ್ಕೆ ಜಡ್ಡು ಎನ್ನುತ್ತೇವೆ, ಬಾಯಿಯಲ್ಲಿ ವೈದ್ಯರು ಕ್ಯಾನ್ಸರಿನ ಮುನ್ಸೂಚನೆಯೆಂದು ಅನುಮಾನಿಸುತ್ತಾರೆ. ಹೊಗೆಯಿಲ್ಲದ ತಂಬಾಕನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಜೊತೆಗೆ ಅಡಿಕೆ ಸೇರಿತೋ, ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಚುಂಗಾಣಿಯವರು ಪಾರಾದರೆಂದು ಯಾರೂ ಹಿಗ್ಗಬೇಕಿಲ್ಲ, ಅವರ ತುಟಿ-ನಾಲಿಗೆಯ ಕ್ಯಾನ್ಸರಿನ ಲೆಕ್ಕ ಬೇರೆಯೇ ಇದೆ. ಅಷ್ಟಾದರೂ ಅವರ ಕಟ್ಟಿಗೆಗೆ ಒಂದು ಅನುಕೂಲವಿದೆ: ಮಾಸಿದರೆ ಮರಳುಕಾಗದದಲ್ಲಿ ಉಜ್ಜಿ ಮತ್ತೆ ಮೇಣ ಹಚ್ಚಬಹುದು. ನಾರುಗಟ್ಟಿದ ಕೆನ್ನೆಯನ್ನು ಮೊದಲಿನಂತೆ ಮಾಡುವ ಪಾಲಿಷು ಯಾವ ಅಂಗಡಿಯಲ್ಲೂ ಸಿಗದು.

ಆದ್ದರಿಂದ ಪ್ರತಿಜ್ಞೆಗೆ ಒಂದು ತಿದ್ದುಪಡಿ ಅಗತ್ಯ: ಮೂರು ತಾಲ್ಲೂಕುಗಳು ಕಟ್ಟಿಗೆಯನ್ನು ಪೂರ್ತಿ ಉಳಿಸಿವೆ, ಖರ್ಚನ್ನು ಬಾಯಿಯ ಲೆಕ್ಕಕ್ಕೆ ಬರೆದಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂಬುದು ನಿಜ, ಗಲ್ಲದ ಒಳಗಿನ ಹುಣ್ಣಿಗೆ ಮಾತ್ರ ಬೇಕೇ ಬೇಕು. ತಂಬಾಕ ತಿಕ್ಕುವ ಓದುಗರು ಬೆಳಕಿಗೆ ಮುಖಮಾಡಿ ಕೆಳತುಟಿ ಎಳೆದು ಒಮ್ಮೆ ನೋಡಿಕೊಳ್ಳಲಿ. ತಮ್ಮವೇ ಮೂರು ಬೆರಳು ಒಂದರ ಮೇಲೊಂದು ಬಾಯಿಯೊಳಗೆ ಹಿಡಿಯುತ್ತವೆಯೇ ಎಂದೂ ಪರೀಕ್ಷಿಸಲಿ. ಬೆರಳು ಹಿಡಿಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದರೂ ಹೋಗದಿದ್ದರೆ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬೇಕು. ಬಿಡಬೇಕೆನ್ನುವವರಿಗೆ ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.