ಚಹೋತ್ತರ ಅಭಿಪ್ರಾಯಗಳ ಜ್ಞಾನಮೀಮಾಂಸೆ: ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ಅನುಲಕ್ಷಿಸಿ

ಆಟ, ಮನರಂಜನೆ ಹಾಗೂ ಉದಯೋನ್ಮುಖ ತಂತ್ರಜ್ಞಾನ ಕುರಿತಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಟ್ಟೆಗಳ ಮೇಲೆ ಉತ್ಪಾದನೆಗೊಳ್ಳುವ ಹಗುರ ಅಭಿಪ್ರಾಯಗಳನ್ನು ಅಂತರಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ, ಬಹುಸ್ತರೀಯ ಸಂಕಥನದ ನೆಲೆಯಲ್ಲಿ, ಗ್ರಾಮೀಣ ಕರ್ತೃತ್ವದ ಚೌಕಟ್ಟಿನೊಳಗಿಟ್ಟು ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಎರಡು ಸಲ ಓದಿದರೂ ಈ ಉದ್ದೇಶ ತಿಳಿಯದಿದ್ದರೆ ಪ್ರಬಂಧ ಸರಿಯಾದ ದಾರಿಯಲ್ಲಿದೆ ಎಂದರ್ಥ. ಹುಟ್ಟುವ ಕಾಲಕ್ಕನುಗುಣವಾಗಿ ಅಭಿಪ್ರಾಯಗಳನ್ನು ಚಹಾಪೂರ್ವ, ಚಹಾಮಧ್ಯ, ಚಹೋತ್ತರ ಎಂದು ಮೂರಾಗಿ ವಿಂಗಡಿಸಲಾಗಿದೆ. ಪ್ರತಿಯೊಂದರಲ್ಲೂ ಅಡಿಕೆಸಹಿತ, ಅಡಿಕೆರಹಿತ ಎಂಬ ಉಪವರ್ಗಗಳುಂಟು. ಚಹಾದ ರೊಕ್ಕ ತಾನೇ ಕೊಟ್ಟವನ ಅಭಿಪ್ರಾಯ ಸ್ವಾಯತ್ತ, ಮಂದಿಯ ರೊಕ್ಕದಲ್ಲಿ ಕುಡಿದವನದು ಪರಾಧೀನ. ಹೀಗೆ ಒಟ್ಟು 12 ಪ್ರಭೇದಗಳು ಸಿದ್ಧಿಸುತ್ತವೆ.

ಚಹಾಪೂರ್ವ ಅಭಿಪ್ರಾಯ ಸಾಮಾನ್ಯವಾಗಿ ಒಂದೇ ವಾಕ್ಯದ್ದು. ಗಡಿಯಾಚೆಯ ಬಾರಾಮತಿಯಲ್ಲಿ ಕಬ್ಬಿಗೆ ಕೃತಕ ಬುದ್ಧಿಮತ್ತೆ ಬಳಸುತ್ತಿದ್ದಾರೆಂಬ ಸುದ್ದಿಗೆ ಕಟ್ಟೆಯ ಪ್ರತಿಕ್ರಿಯೆ ಈ ಬಗೆಯದು: “ನೀರ ಯಾವಾಗ ಬಿಡಬೇಕಂತ ಮೊಬೈಲ್ ಹೇಳತೈತಿ ಖರೆ, ಕರೆಂಟ್ ಯಾವಾಗ ಬರತೈತಿ ಅನ್ನೂದನ್ನ ಯಾರ ಹೇಳಬೇಕು?” ವಿದ್ವತ್ ವಲಯ ಇದನ್ನು ‘ತಂತ್ರಜ್ಞಾನ-ಹಿಂಜರಿಕೆ’ ಎಂದು ಗುರುತಿಸಿ, ‘ಜಾಗೃತಿ ಕಾರ್ಯಾಗಾರ’ವನ್ನು ಶಿಫಾರಸು ಮಾಡುತ್ತದೆ. ಆದರೆ ಹಿಂಜರಿಯುವುದಕ್ಕೆ ಈ ಸೀಮೆಗೆ ಯಂತ್ರ ನಿನ್ನೆ ಬಂದದ್ದೇನಲ್ಲ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲೇ ನೀರಿನ ಬಲದಿಂದ ಹತ್ತಿ ಗಿರಣಿ ಓಡಿತು. ಹುಕ್ಕೇರಿಯವರು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಅಲ್ಲಿ ಕರೆಂಟಿನ ಬಿಲ್ಲು ಕಟ್ಟುವವನು ಸಂಘದ ಸದಸ್ಯನೂ ಆಗಬಹುದು, ಆಡಳಿತ ಮಂಡಳಿಗೆ ಮತವನ್ನೂ ಹಾಕಬಹುದು. ಅದರ 2025ರ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಸದ್ದು ಮಾಡಿತು. ಟ್ರಾನ್ಸ್‌ಫಾರ್ಮರ್ ಸಲುವಾಗಿ ಮತ ಕೇಳಿದವರನ್ನೂ ಮತ ಹಾಕಿದವರನ್ನೂ ಕಂಡ ಜನಕ್ಕೆ ಕರೆಂಟಿನ ರಾಜಕೀಯವನ್ನು ಪವರ್‌ಪಾಯಿಂಟಿನಲ್ಲಿ ಕಲಿಸಲು ಹೊರಡುವವರ ಧೈರ್ಯ ಮೆಚ್ಚತಕ್ಕದ್ದು.

ಚಹಾಮಧ್ಯ ವರ್ಗದಲ್ಲಿ ಮುಖ್ಯವಾದುದು ಆನ್‌ಲೈನ್ ಆಟದ ಮೀಮಾಂಸೆ. ರಮ್ಮಿ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವರ್ಗೀಕರಣದ ಮೇಲೆ ಈ ದೇಶದ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಅಷ್ಟು ದಿನವೂ ಕಟ್ಟೆಯ ನಿಲುವು ಒಂದೇ: ಕುಂತಲ್ಲೇ ರೊಕ್ಕ ಕೊಡೂ ಆಟ ಕುಂತಲ್ಲೇ ಹೊಲಾನೂ ಬರಿಸ್ಕೊತೈತಿ. ಈ ಮಾತಿನಲ್ಲಿ ಕೌಶಲವೂ ಇಲ್ಲ, ಅದೃಷ್ಟವೂ ಇಲ್ಲ, ಸೋತವನ ಲೆಕ್ಕ ಮಾತ್ರ ಇದೆ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ಕೌಶಲ-ಅದೃಷ್ಟದ ಭೇದವನ್ನೇ ಬದಿಗಿಟ್ಟು, ರೊಕ್ಕ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕಟ್ಟೆಯ ನಿಲುವಿಗೆ ಕಾನೂನು ಬಂದು ಕೂಡಿತು. ಅಷ್ಟರೊಳಗೆ ಎಷ್ಟು ಮನೆಗಳು ಮುಳುಗಿದ್ದವೋ, ಅದು ಯಾವ ಪ್ರಬಂಧದ ವ್ಯಾಪ್ತಿಗೂ ಬರುವುದಿಲ್ಲ.

ಒಂದು ಅಭಿಪ್ರಾಯ ಗುರಿ ಮುಟ್ಟಿದರೆ ಕಟ್ಟೆಯೆಲ್ಲ ಜ್ಞಾನಪೀಠವಾಯಿತೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದು. 5ಜಿ ಟವರಿನಿಂದ ಕೊರೊನಾ ಹಬ್ಬುತ್ತದೆಂಬ ವದಂತಿ ದೇಶದ ತುಂಬ ಓಡಾಡಿದಾಗ ಇಲ್ಲಿಯ ಕಟ್ಟೆಗಳು ಮಾತ್ರ ಅದರಿಂದ ಪಾರಾದವೆಂದು ಹೇಳಲಾಗದು. ಆದರೆ ಕಟ್ಟೆಯಲ್ಲಿ ತಪ್ಪು ಹೇಳಿದವನ ಪಾಡು ಬೇರೆ. ಪಕ್ಕದಲ್ಲಿ ಕುಂತವನು ಅಲ್ಲೇ ಹಿಡಿಯುತ್ತಾನೆ, ಮರುದಿನ ಹೆಸರಿಡುತ್ತಾನೆ, ಆ ಹೆಸರು ಮೊಮ್ಮಕ್ಕಳವರೆಗೂ ಹೋಗುತ್ತದೆ. ಇದು ಕುಲಗೋಡ ತಮ್ಮಣ್ಣನ ಪಾರಿಜಾತ ಬಯಲಾಟ ಕಂಡ ಸೀಮೆ. ಬಯಲಾಟದ ರಂಗದಲ್ಲಿ ದೇವರ ಪಾತ್ರವೇ ಬಂದರೂ ಭಾಗವತ ತಡೆದು ವಿಚಾರಿಸುತ್ತಾನೆ, ಇಡೀ ರಾತ್ರಿ ಎಚ್ಚರಿದ್ದ ಪ್ರೇಕ್ಷಕ ನಡುನಡುವೆ ಬಾಯಿ ಹಾಕುತ್ತಾನೆ. ವಿಚಾರಸಂಕಿರಣದಲ್ಲಿ ಹಾಗೆ ತಡೆಯುವವರಿಲ್ಲ. 2021ರಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿದ ಕೂಡಲೇ ಮೆಟಾವರ್ಸ್ ಬಗ್ಗೆ ಭವಿಷ್ಯ ನುಡಿದವರು ಅದನ್ನು ಹಿಂಪಡೆಯದೆಯೇ ಎಐ ಕಡೆ ತಿರುಗಿದ್ದಾರೆ. ಅವರಿಗೆ ಅಡ್ಡಹೆಸರಿಟ್ಟವರು ಯಾರೂ ಇಲ್ಲ.

ಇನ್ನು ಚಹೋತ್ತರ ವರ್ಗಕ್ಕೆ, ಅದರ ನಾಲ್ಕು ಪ್ರಭೇದಗಳಿಗೆ ಹೋಗಬೇಕಿತ್ತು. ಬೇಡ. ಚಹಾ ಕುಡಿದು ಎದ್ದ ಮೇಲೆ ಇಲ್ಲಿಯವರು ಆಡುವ ಮಾತು ಒಂದೇ, ಅದು ಕಬ್ಬಿನ ಬಿಲ್ಲಿನದು. ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತಾಗ ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಸಕ್ಕರೆಯ ಇಳುವರಿ ಎಷ್ಟೆಂದು ಕಾರ್ಖಾನೆಯ ಪ್ರಯೋಗಾಲಯ ಹೇಳುತ್ತದೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ದರ ಟನ್ನಿಗೆ 3,550 ರೂಪಾಯಿ, ಆದರೆ ಅದು ಶೇ 10.25 ಇಳುವರಿಗೆ, ಇಳುವರಿ ಇಳಿದರೆ ದರವೂ ಇಳಿಯುತ್ತದೆ. ಅಳೆಯುವ ಯಂತ್ರವೂ ಕೊಳ್ಳುವವನದೇ, ಪರೀಕ್ಷೆಯೂ ಕೊಳ್ಳುವವನದೇ. ಈ ತಾಲೂಕುಗಳಲ್ಲಿ ಮನುಷ್ಯನ ವರ್ಷದ ದುಡಿಮೆಯನ್ನು ನಿರ್ಧರಿಸುವ ತಂತ್ರಜ್ಞಾನ ಇದು, ಇದರ ಬಗ್ಗೆ ರೈತನ ಅನುಮಾನಕ್ಕೆ ಪಂಡಿತರು ಕೊಟ್ಟ ಹೆಸರು ‘ಪೂರ್ವಗ್ರಹ’. ಹೊಟ್ಟೆ ಉರಿಯುತ್ತದೆ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಆ ಪೂರ್ವಗ್ರಹದವರೇ ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕುಂತರು. ಒಂದು ವಾರದ ಮೇಲೆ, ನವೆಂಬರ್ 7ರಂದು, 3,300ಕ್ಕೆ ತೀರ್ಮಾನವಾಯಿತು. ಗ್ರಾಮೀಣ ಅಭಿಪ್ರಾಯ ಹಾಗೂ ತಂತ್ರಜ್ಞಾನ ಕುರಿತ ಮುಂದಿನ ವಿಚಾರಸಂಕಿರಣವನ್ನು ದಯವಿಟ್ಟು ಅದೇ ಕ್ರಾಸಿನಲ್ಲಿ, ಹಂಗಾಮಿನ ದಿನಗಳಲ್ಲೇ ಇಟ್ಟುಕೊಳ್ಳಿ. ಬರುವವರು ಬ್ಯಾಗು, ಪ್ರಮಾಣಪತ್ರ ಬಿಟ್ಟು, ತೂಕದ ಕಲ್ಲು ತರಬೇಕಾಗಿ ವಿನಂತಿ.