1200ಕ್ಕೆ ನೀವೆಷ್ಟು?

ಮನುಷ್ಯನಿಗೆ ಬೆಲೆ ಕಟ್ಟಲಾಗದು ಎಂದು ಹಿರಿಯರು ಹೇಳುತ್ತಿದ್ದರು. ಪಾಪ, ಅವರ ಕಾಲದಲ್ಲಿ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಇರಲಿಲ್ಲ. 2015ರ ಜನವರಿಯಲ್ಲಿ ಶುರುವಾದ ಈ ಏರ್ಪಾಟು ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಬಯಸಿ ಬಂದವರನ್ನು 1200 ಅಂಕಕ್ಕೆ ತೂಗಿ, ನೀವಿಷ್ಟೇ ಎಂದು ಹೇಳಿಬಿಡುತ್ತದೆ. 36 ಗುಣಕ್ಕೇ ಸುಮ್ಮನಾಗುವ ನಮ್ಮ ಜೋಯಿಸರ ಅಲ್ಪತೃಪ್ತಿ ಎಲ್ಲಿ, ಇದೆಲ್ಲಿ! ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಎಂದು ಅಂಕದಲ್ಲೇ ಬೆಳೆದು, ಕೆಲಸ ಸಿಕ್ಕ ಮೇಲೆ ಬಾಳು ಸಪ್ಪೆಯಾಯಿತೆಂದು ಕೊರಗುವ ಬೆಂಗಳೂರಿನ ಎಂಜಿನಿಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ವಯಸ್ಸಿನ ವಿಷಯದಲ್ಲಿ ಅದರ ನೇರನುಡಿ ಮೆಚ್ಚಬೇಕು. ಒಂಟಿಯಾಗಿ ಅರ್ಜಿ ಹಾಕಿದವರಿಗೆ 29ರವರೆಗೆ 110 ಅಂಕ, 30 ತುಂಬಿದರೆ 105, 45ಕ್ಕೆ ಸೊನ್ನೆ. ನೆಂಟರಿಷ್ಟರು ಮೂವತ್ತನೆಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುತ್ತಿರುವಾಗ ದೂರದ ಕಂಪ್ಯೂಟರೊಂದು ಮರೆಯದೆ ಐದು ಅಂಕ ಕತ್ತರಿಸುತ್ತದೆ. ಇಷ್ಟು ಕಾಳಜಿ ಸ್ವಂತ ಸೋದರಮಾವನಿಗೂ ಇರದು.

ದಾಂಪತ್ಯಕ್ಕೂ ಇದರಿಂದ ಹೊಸ ಕಳೆ ಬಂದಿದೆ. ಊಟ ಮುಗಿಸಿ ಗಂಡ ಹೆಂಡತಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. "ನಾನೇ ಮೇನ್ ಅಪ್ಲಿಕೆಂಟ್ ಆದ್ರೆ ಎಷ್ಟಾಗತ್ತೆ, ಹಾಕಿ ನೋಡ್ರೀ" ಎನ್ನುತ್ತಾಳೆ ಅವಳು. ಹಾಕಿ ನೋಡಿದರೆ ಅವಳದ್ದೇ ಜಾಸ್ತಿ. ವರ್ಷಗಟ್ಟಲೆ ವಾದಿಸಿಯೂ ಸಾಧಿಸಲಾಗದ ಸ್ತ್ರೀ ಸಮಾನತೆ ಅರೆಗಳಿಗೆಯಲ್ಲಿ ಬಂದುಬಿಟ್ಟಿತು.

ಫ್ರೆಂಚ್ ಬಂದರೆ 50ರವರೆಗೆ ಹೆಚ್ಚುವರಿ ಅಂಕವುಂಟು. ಹತ್ತು ವರ್ಷ ಬೆಂಗಳೂರಿನಲ್ಲಿದ್ದೂ 'ಕನ್ನಡ್ ಗೊತ್ತಿಲ್ಲ' ಎನ್ನುತ್ತಿದ್ದವರು ಈಗ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕ್ರಿಯಾಪದ ಉರು ಹೊಡೆಯುತ್ತಿದ್ದಾರೆ. ಸ್ಥಳೀಯ ಭಾಷೆ ಕಲಿಯಬೇಕೆಂಬ ಅರಿವು ಮೂಡಿತಲ್ಲ, ಸ್ಥಳ ಯಾವುದಾದರೇನು!

ಬಂಧುಪ್ರೇಮವನ್ನೂ ಮರೆತಿಲ್ಲ. ಒಡಹುಟ್ಟಿದವರು ಕೆನಡಾದಲ್ಲಿ ನೆಲೆಸಿದ್ದರೆ 15 ಅಂಕ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟಿದ್ದ ಟೊರಾಂಟೊ ಅಣ್ಣನಿಗೆ "ಹೇಗಿದ್ದೀಯಣ್ಣಾ?" ಎಂದು ಫೋನು ಹೋಗುತ್ತದೆ. ಊರಲ್ಲಿ ಬಿಟ್ಟುಹೋಗುವ ಅಪ್ಪ ಅಮ್ಮನ ಬಾಬ್ತು ಎಷ್ಟು ಅಂಕ ಕಳೆಯುತ್ತಾರೆ ಎಂದು ಅಂಜಬೇಕಿಲ್ಲ. ಒಂದೂ ಕಳೆಯುವುದಿಲ್ಲ, ಅಷ್ಟು ಉದಾರಿಗಳು.

ಕೆಲಸದ ಆಫರ್ ಲೆಟರಿಗೆ ಹುದ್ದೆ ನೋಡಿ ಕೊಡುತ್ತಿದ್ದ 50 ಅಥವಾ 200 ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದರು. ಅದನ್ನೇ ನಂಬಿ ಕೂತವರ ಹೆಸರು ರಾತ್ರೋರಾತ್ರಿ ಕೆಳಕ್ಕಿಳಿಯಿತು. ಆಟದ ನಡುವೆ ನಿಯಮ ಬದಲಾದರೆ ತಾನೆ ಆಟಗಾರನ ಚುರುಕು ತಿಳಿಯುವುದು?

ಪಿಆರ್ ಕೈಗೆ ಬಂದ ಮೇಲೂ ಈ ಲೆಕ್ಕದ ಶಿಸ್ತು ವ್ಯರ್ಥವಾಗದು. ಅದನ್ನು ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ಆಸ್ಪತ್ರೆ ಮಂಚದ ಮೇಲಿನ ಅಪ್ಪ "ಎಷ್ಟು ದಿನ ಇರ್ತೀಯ ಮಗಾ?" ಎಂದು ಕೇಳಿದರೆ ಹಿಂದಿನ ಕಾಲದ ಮಕ್ಕಳಂತೆ ಇವನು ತಡವರಿಸುವುದಿಲ್ಲ. ಉತ್ತರ ಎಕ್ಸೆಲ್ ಶೀಟಿನಲ್ಲಿದೆ.