ಅಚ್ಯುತಾಪುರಂ ವೈಫೈ ಶಾಸನ: ಪಾಠ, ಪಾಠಾಂತರ ಮತ್ತು ಲಾಗಿನ್ ಮೀಮಾಂಸೆ

ದೊರೆತ ಸ್ಥಳ: ಆಂಧ್ರಪ್ರದೇಶದ ಅನಕಾಪಲ್ಲಿ ಜಿಲ್ಲೆಯ ಅಚ್ಯುತಾಪುರಂ, ವಿಶೇಷ ಆರ್ಥಿಕ ವಲಯದ ನೌಕರರು ಇಳಿದುಕೊಳ್ಳುವ ಒಂದು ಲಾಡ್ಜು, ಮೊದಲ ಮಹಡಿ, ಮೆಟ್ಟಿಲು ಮುಗಿಯುವಲ್ಲಿ ಎಡಗೋಡೆ. ಮಾಧ್ಯಮ: ಲೆಟರ್‌ಹೆಡ್ ಹಾಳೆ, ನಾಲ್ಕೂ ಮೂಲೆಗೆ ಸೆಲ್ಲೋಟೇಪು. ಬರವಣಿಗೆ: ಸ್ಕೆಚ್ ಪೆನ್ನು. ಲಿಪಿ: ತೆಲುಗು ಮತ್ತು ಇಂಗ್ಲಿಷ್. ಸಾಲುಗಳು: 5. ಸ್ಥಿತಿ: ಸಮುದ್ರದ ತೇವಕ್ಕೆ ಎಡ ಅಂಚು ಉಬ್ಬಿದೆ. ಮೂರನೆಯ ಸಾಲಿನಲ್ಲಿ ಹೊಡೆದ ಸೊಳ್ಳೆಯ ಗುರುತೊಂದಿದ್ದು, ಹಿಂದಿನ ಕೆಲವು ಬಾಡಿಗೆದಾರರು ಅದನ್ನು ಪೂರ್ಣವಿರಾಮವೆಂದು ಭ್ರಮಿಸಿ ಪಾಸ್‌ವರ್ಡಿನ ಕೊನೆಗೆ ಚುಕ್ಕೆ ಹೊಡೆದು ಕೆಟ್ಟಿದ್ದಾರೆ.

ಬಿ.ಎಲ್. ರೈಸ್ ಸಾಹೇಬರು 1886ರಲ್ಲಿ ಕೊಡಗಿನ ಶಾಸನಗಳಿಂದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯನ್ನು ಆರಂಭಿಸಿದರು. ಆ ಮಾಲೆಯಲ್ಲಿ ಈ ಶಾಸನ ಸೇರದೆ ಹೋದದ್ದಕ್ಕೆ ಅವರನ್ನು ದೂರುವಂತಿಲ್ಲ. ವಿಶಾಖಪಟ್ಟಣದಿಂದ ನಲವತ್ತು ಕಿಲೋಮೀಟರಿನಾಚೆಯ ಈ ಊರಿಗೆ ಕನ್ನಡಿಗರು ಬರತೊಡಗಿದ್ದು ಔಷಧ ಕಾರ್ಖಾನೆಗಳು ಎದ್ದ ಮೇಲೆ. ಶ್ರೀಲಂಕಾ ಮೂಲದ ಬ್ರಾಂಡಿಕ್ಸ್‌ನ ಸಾವಿರ ಎಕರೆಯ ಉಡುಪು ನಗರಿ ಒಂದು ಕಡೆ, ಔಷಧ ಘಟಕಗಳು ಇನ್ನೊಂದು ಕಡೆ. ಇವುಗಳ ನಡುವೆ ಪಾಳಿ ಮುಗಿಸಿ ಬರುವ ಕೆಮಿಸ್ಟ್‌ಗಳಿಗೆ ಮನೆಯವರ ಮುಖ ನೋಡಲು ಇರುವುದು ಈ ಐದು ಸಾಲು ಮಾತ್ರ. ಹಲ್ಮಿಡಿ ಶಾಸನವನ್ನು ಓದಲಾಗದೆ ಯಾರ ವಿಡಿಯೋ ಕರೆಯೂ ತಪ್ಪಿಲ್ಲ. ಇದನ್ನು ಓದಲಾಗದಿದ್ದರೆ ತಪ್ಪುತ್ತದೆ. ಪ್ರಸ್ತುತ ಸಂಶೋಧನೆಯ ಮಹತ್ವ ಇದರಿಂದಲೇ ಸಿದ್ಧ.

ಶಾಸನದ ಸಾರ ಹೀಗಿದೆ. ಮೊದಲ ಸಾಲು ಲಾಡ್ಜಿನ ಹೆಸರು, ವಿಳಾಸ. ಎರಡನೆಯದು ವೈಫೈಯ ಹೆಸರು; ಒಂದು ಬರಿಯ ಹೆಸರು, ಪಕ್ಕದಲ್ಲಿ ಅದೇ ಹೆಸರಿಗೆ '5ಜಿ' ಎಂಬ ಬಾಲ. ಮೂರನೆಯದು ಪಾಸ್‌ವರ್ಡ್. ನಾಲ್ಕನೆಯದು, ಆಮೇಲೆ ಒಂದು ಪೇಜು ತೆರೆದುಕೊಳ್ಳುತ್ತದೆ, ಅದರಲ್ಲಿ ರೂಮ್ ನಂಬರನ್ನೂ ಮೊಬೈಲ್ ನಂಬರನ್ನೂ ಹಾಕಬೇಕು ಎಂಬ ವಿಧಿ. ಐದನೆಯದು ನಿಷೇಧ: ರೂಮಿಗೆ ಎರಡೇ ಡಿವೈಸು, ರೂಟರ್ ಮುಟ್ಟುಕೋವದ್ದು. ತೆಲುಗು ಕಲಿಯದ ಕನ್ನಡಿಗನೂ ಈ ಸಾಲನ್ನು ತಡವರಿಸಿಯಾದರೂ ಓದಿಯಾನು, ಎರಡು ಲಿಪಿಗಳ ಬೇರು ಒಂದೇ. ಓದಿದ ಮೇಲೆ ಪಾಲಿಸಿಯಾನೇ ಎಂಬುದು ಬೇರೆ ವಿಷಯ.

ಇನ್ನು ಕಾಲನಿರ್ಣಯ. ವಿಳಾಸದಲ್ಲಿ ವಿಶಾಖಪಟ್ಟಣಂ ಜಿಲ್ಲೆ ಎಂದಿದೆ. ಅಚ್ಯುತಾಪುರಂ ಹೊಸ ಅನಕಾಪಲ್ಲಿ ಜಿಲ್ಲೆಗೆ ಸೇರಿದ್ದು 2022ರ ಏಪ್ರಿಲ್ 4ರಂದು. ಆದ್ದರಿಂದ ಶಾಸನ ಅದಕ್ಕಿಂತ ಹಿಂದಿನದು ಎಂಬುದು ಪೂರ್ವಪಕ್ಷ. ಆದರೆ ಪಾಸ್‌ವರ್ಡಿನ ಕೊನೆಯ ನಾಲ್ಕು ಅಂಕಿ 2023. ಜಿಲ್ಲೆಯನ್ನು ನಂಬಿದರೆ ಪಾಸ್‌ವರ್ಡು ಪ್ರಕ್ಷಿಪ್ತವಾಗುತ್ತದೆ, ಪಾಸ್‌ವರ್ಡನ್ನು ನಂಬಿದರೆ ಜಿಲ್ಲೆಯೇ ಸುಳ್ಳಾಗುತ್ತದೆ. ಇಂಥ ಕಡೆ ನಮ್ಮ ವಿದ್ವಾಂಸರು ಎರಡು ಪೀಳಿಗೆ ಜಗಳವಾಡಿದ್ದುಂಟು. ಲಾಡ್ಜಿನ ಮ್ಯಾನೇಜರನ್ನು ಕೇಳಿದಾಗ, "ಹಳೇ ಲೆಟರ್‌ಹೆಡ್ ಇನ್ನೂ ಎರಡು ಕಟ್ಟು ಉಳಿದಿದೆ ಸಾರ್" ಎಂದ. ಮೌಖಿಕ ಆಕರಗಳನ್ನು ಕಡೆಗಣಿಸಬಾರದು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಸಿಗಲಾರದು.

ಮುಖ್ಯ ತೊಡಕಿರುವುದು ಮೂರನೆಯ ಸಾಲಿನಲ್ಲಿ. ಪಾಸ್‌ವರ್ಡು ಕಮಲದ ಇಂಗ್ಲಿಷ್ ಹೆಸರು, ಅದಕ್ಕೆ ಅಂಟಿಕೊಂಡು ಇಸವಿ. ಒಟ್ಟು ಒಂಬತ್ತು ಅಕ್ಷರ. ಮೊದಲನೆಯದು ಬರಿಯ ಒಂದು ನೆಟ್ಟನೆಯ ಗೀಟು. ಅದು ಸಣ್ಣ 'ಎಲ್' ಆಗಬಹುದು, ದೊಡ್ಡ 'ಐ' ಆಗಬಹುದು, ಅಂಕಿ ಒಂದೂ ಆಗಬಹುದು. ಎರಡನೆಯದು ದುಂಡಗಿದೆ: ಸಣ್ಣ 'ಓ', ದೊಡ್ಡ 'ಓ' ಅಥವಾ ಸೊನ್ನೆ. ಇಸವಿಯ ನಡುವಿನ ಸೊನ್ನೆಯನ್ನೂ ಲಿಪಿಕಾರ ಅದೇ ಕೈಬರಹದಲ್ಲಿ ಬರೆದಿರುವುದರಿಂದ ಅಲ್ಲೂ ಅದೇ ಮೂರು ಸಾಧ್ಯತೆ. ಮೂರು ಸ್ಥಾನಕ್ಕೆ ಮೂರು ಮೂರು ಪಾಠದಂತೆ ಒಟ್ಟು 27 ಪಾಠಾಂತರ. ನಕ್ಷತ್ರಗಳೂ ಅಷ್ಟೇ ಇರುವುದು ಕಾಕತಾಳೀಯವೆಂದು ಈ ಲೇಖಕ ಸುಲಭವಾಗಿ ಒಪ್ಪುವುದಿಲ್ಲ. ಕ್ಲಿಷ್ಟ ಪಾಠವೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದನೆಯ ಹಳೆಯ ನಿಯಮ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಗೌರವದಿಂದ ಓದಿದವರು ಇಲ್ಲಿ ಎಡವುವುದು ಖಂಡಿತ, ಏಕೆಂದರೆ ಲಾಡ್ಜಿನ ಮಟ್ಟಿಗೆ ಸರಳ ಪಾಠವೇ ಮೂಲ.

ಒಂದು ಅಕ್ಷರ ತಪ್ಪಿದರೆ ಅರ್ಧವಾದರೂ ನೆಟ್ ಬರಬಾರದೆ ಎಂದು ಕೇಳುವವರಿದ್ದಾರೆ. ಶಾಸ್ತ್ರ ಒಪ್ಪುವುದಿಲ್ಲ. 2004ರಲ್ಲಿ ಬಂದ ಡಬ್ಲ್ಯೂಪಿಎ2 ಪದ್ಧತಿಯ ಛಂದಸ್ಸು ಪಾಸ್‌ವರ್ಡಿಗೆ ಕನಿಷ್ಠ 8, ಗರಿಷ್ಠ 63 ಅಕ್ಷರ ವಿಧಿಸುತ್ತದೆ. ಆ ಪಾಸ್‌ವರ್ಡನ್ನು ವೈಫೈಯ ಹೆಸರಿನೊಡನೆ ಸೇರಿಸಿ 4096 ಸುತ್ತು ಅರೆದು 256 ಬಿಟ್ಟಿನ ಕೀಲಿ ತೆಗೆಯಲಾಗುತ್ತದೆ. ಸಣ್ಣ 'ಎಲ್' ಇರಬೇಕಾದಲ್ಲಿ ಒಂದು ಬಿದ್ದರೆ ಹೊರಬರುವ ಕೀಲಿಗೂ ಮೂಲ ಕೀಲಿಗೂ ದಾಯಾದಿ ಸಂಬಂಧವೂ ಉಳಿಯುವುದಿಲ್ಲ. ಪಾಸ್‌ವರ್ಡು ಗಾಳಿಯಲ್ಲಿ ಹೋಗುವುದೂ ಇಲ್ಲ. ತನ್ನ ಬಳಿ ಸರಿಯಾದ ಕೀಲಿ ಇದೆ ಎಂಬುದನ್ನಷ್ಟೇ ಫೋನು ನಾಲ್ಕು ಸಂದೇಶಗಳ ವಿನಿಮಯದಲ್ಲಿ ರೂಟರಿಗೆ ರುಜುವಾತು ಮಾಡುತ್ತದೆ. ರೂಟರಿನ ಹೆಸರು ಬದಲಾದರೆ ಅದೇ ಪಾಸ್‌ವರ್ಡಿನಿಂದ ಬೇರೆಯೇ ಕೀಲಿ ಹುಟ್ಟುವುದಕ್ಕೂ ಈ ಅರೆಯುವಿಕೆಯೇ ಕಾರಣ.

ಲಾಡ್ಜಿನಲ್ಲಿ ಈ ವಿಷಯವಾಗಿ ಎರಡು ಪಂಥಗಳು ಪ್ರಬಲವಾಗಿವೆ. ಬಳ್ಳಾರಿ ಪಂಥದವರು ಪುನರ್ಜನ್ಮವಾದಿಗಳು. ಏನೇ ಆಗಲಿ ರೂಟರನ್ನು ಆಫ್ ಮಾಡಿ ಆನ್ ಮಾಡಬೇಕೆಂಬುದು ಅವರ ಸಿದ್ಧಾಂತ. ತೆಲುಗು ಬಲ್ಲವರಾದ್ದರಿಂದ ಐದನೆಯ ಸಾಲನ್ನು ಚೆನ್ನಾಗಿಯೇ ಓದಿ, ಚೆನ್ನಾಗಿಯೇ ಉಲ್ಲಂಘಿಸುತ್ತಾರೆ. ಶಿವಮೊಗ್ಗ ಪಂಥದವರು ವಿಸ್ಮೃತಿವಾದಿಗಳು; ಫೋನಿನ ಸೆಟ್ಟಿಂಗಿಗೆ ಹೋಗಿ ನೆಟ್‌ವರ್ಕನ್ನು ಮರೆಯಿಸಿ, ಮೊದಲಿನಿಂದ ಪಾಸ್‌ವರ್ಡ್ ಹಾಕಬೇಕೆನ್ನುತ್ತಾರೆ. ಎರಡು ಪಂಥಕ್ಕೂ ತಕ್ಕಮಟ್ಟಿಗೆ ಸತ್ಯವಿದೆ. ಹಳೆಯ ಪಾಸ್‌ವರ್ಡನ್ನು ಹಿಡಿದುಕೊಂಡು ಕೂತ ಫೋನಿಗೆ ಮರೆವೇ ಮದ್ದು. ಹಂಚಬೇಕಾದ ವಿಳಾಸಗಳೆಲ್ಲ ಮುಗಿದು ಹೊಸಬರಿಗೆ ಕೊಡಲು ಏನೂ ಉಳಿಯದ ರೂಟರಿಗೆ ಪುನರ್ಜನ್ಮ ಉಪಕಾರಿ. ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರು ಅದಕ್ಕೆ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಕಲ್ಪಿಸಿಕೊಂಡು ಕೂತಿದೆ ಎಂದು ತಿಳಿಯಬೇಕು. ರಾಯಚೂರಿನ ಒಬ್ಬರು ಮಾತ್ರ ಯಾವ ಪಂಥಕ್ಕೂ ಸೇರದೆ, "ನಂದು ಡಾಟಾ ಐತ್ರೀ ಸರ" ಎಂದು ಮಲಗುತ್ತಾರೆ. ಅವರನ್ನು ಚಾರ್ವಾಕರೆಂದು ವರ್ಗೀಕರಿಸಲಾಗಿದೆ.

ಎರಡನೆಯ ಸಾಲಿನ '5ಜಿ' ಬಾಲವನ್ನು ನೋಡಿ ಮೊಬೈಲಿನ 5ಜಿ ಎಂದುಕೊಳ್ಳುವವರಿಗೆ ಲೆಕ್ಕವಿಲ್ಲ. ಅದು 5 ಗಿಗಾಹರ್ಟ್ಸ್ ತರಂಗ. ಬಾಲವಿಲ್ಲದ್ದು 2.4. ಭಾರತದಲ್ಲಿ 2.4ರ ಪಟ್ಟಿ ಲೈಸೆನ್ಸಿನಿಂದ ಬಿಡುಗಡೆಯಾದದ್ದು 2005ರಲ್ಲಿ. 5ರ ಪಟ್ಟಿಯಲ್ಲಿ 605 ಮೆಗಾಹರ್ಟ್ಸಿನಷ್ಟು ಜಾಗ ಹೊರಾಂಗಣಕ್ಕೂ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. ಐದು ವೇಗದ್ದು, ಆದರೆ ಗೋಡೆ ಕಂಡರೆ ಸೋಲುತ್ತದೆ. ಎರಡು ಪಾಯಿಂಟ್ ನಾಲ್ಕು ನಿಧಾನದ್ದು, ಎರಡು ಗೋಡೆ ದಾಟಿಯೂ ಉಸಿರಾಡುತ್ತದೆ. ಮೈಕ್ರೋವೇವ್ ಒಲೆ ಉರಿಯುವುದೂ ಅದೇ ಆಸುಪಾಸಿನಲ್ಲಾದ್ದರಿಂದ ಅಡುಗೆಮನೆಯ ಪಕ್ಕದ ರೂಮಿನವರಿಗೆ ಊಟದ ಹೊತ್ತಿಗೆ ಸಿನಿಮಾ ನಿಲ್ಲುತ್ತದೆ. ಅಗ್ಗದ ಸಿಸಿ ಕ್ಯಾಮೆರಾ, ವೈಫೈ ಬಲ್ಬು ಮೊದಲಾದವಕ್ಕೆ 2.4 ಬಿಟ್ಟು ಬೇರೇನೂ ಕಾಣದು. 5ರಲ್ಲಿ ಫೋನನ್ನಿಟ್ಟುಕೊಂಡು ಬಲ್ಬನ್ನು ಹುಡುಕುತ್ತ ರಾತ್ರಿಗಳನ್ನು ಕಳೆದವರಿದ್ದಾರೆ.

ಐದನೆಯ ಸಾಲಿನ 'ಎರಡೇ ಡಿವೈಸು' ಎಂಬ ವಿಧಿ ಮೇಲ್ನೋಟಕ್ಕೆ ಸ್ಪಷ್ಟ. ಭಾಷ್ಯ ಬರೆಯಹೊರಟರೆ ಗೊತ್ತಾಗುತ್ತದೆ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಂಕಾಕ್ಷರಗಳ ಮ್ಯಾಕ್ ವಿಳಾಸವಿದೆ. ರೂಟರು ತಲೆ ಎಣಿಸುವುದು ಅದರಿಂದ. ಆದರೆ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಫೋನುಗಳು ಗೋಪ್ಯತೆಗಾಗಿ ಒಂದೊಂದು ವೈಫೈ ಹೆಸರಿಗೆ ಒಂದೊಂದು ಸುಳ್ಳು ವಿಳಾಸ ಹೇಳುತ್ತವೆ. ಬೆಳಿಗ್ಗೆ ಬರಿಯ ಹೆಸರಿಗೂ ಸಂಜೆ '5ಜಿ' ಬಾಲದ ಹೆಸರಿಗೂ ಹೊಕ್ಕ ಒಂದೇ ಫೋನು ರೂಟರಿನ ಕಡತದಲ್ಲಿ ಇಬ್ಬರು ಅತಿಥಿಗಳಾಗಿ ದಾಖಲಾಗುತ್ತದೆ. ಮೂರನೆಯದಾಗಿ ಬಂದ ಲ್ಯಾಪ್‌ಟಾಪು ಹೊರಗೇ. ಮ್ಯಾನೇಜರು "ಎರಡು ಫೋನ್ ಇಟ್ಕೊಂಡಿದ್ದೀರಿ" ಎನ್ನುತ್ತಾನೆ, ಅತಿಥಿ ದೇವರಾಣೆ ಹಾಕುತ್ತಾನೆ, ಇಬ್ಬರೂ ಪ್ರಾಮಾಣಿಕರು. ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಆ ನೆಟ್‌ವರ್ಕಿಗೆ ಮಾತ್ರ ನಿಜವಾದ ಮ್ಯಾಕ್ ಬಳಸುವಂತೆ ಬದಲಿಸಿ, ಒಂದೇ ಹೆಸರಿಗೆ ಕಟ್ಟುಬಿದ್ದರೆ ವ್ಯಾಜ್ಯ ಮುಗಿಯುತ್ತದೆ.

ಈಗ ತತ್ತ್ವಭಾಗ. ಪಾಸ್‌ವರ್ಡು ಸರಿಯಾಗಿ, ಫೋನಿನ ಮೇಲೆ ಬೀಸಣಿಗೆಯಾಕಾರದ ಗುರುತೂ ತುಂಬಿ, ಕೆಳಗೆ ಮಾತ್ರ 'ಕನೆಕ್ಟೆಡ್, ನೋ ಇಂಟರ್ನೆಟ್' ಎಂದು ಬರುವ ಸ್ಥಿತಿಯನ್ನು ಅದ್ವೈತಿ ವಿವರಿಸಲಾರ. ವೈಫೈಯೂ ಇಂಟರ್ನೆಟ್ಟೂ ಒಂದೇ ಎಂಬುದು ಅವನ ನಂಬಿಕೆ. ಭೇದ ಸತ್ಯವೆನ್ನುವ ದ್ವೈತಿ ಇಲ್ಲಿ ಗೆಲ್ಲುತ್ತಾನೆ. ಫೋನಿನಿಂದ ರೂಟರಿನವರೆಗಿನದು ವೈಫೈ. ರೂಟರಿನಿಂದಾಚೆಯದು ಬೇರೆಯೇ ಲೋಕ, ಅದಕ್ಕೆ ಬೇರೆಯೇ ಸಾಧನೆ ಬೇಕು. ನಾಲ್ಕನೆಯ ಸಾಲಿನ 'ಪೇಜು' ಇರುವುದು ಈ ಎರಡರ ಹೊಸ್ತಿಲಲ್ಲಿ. ಫೋನು ಒಳಬಂದ ಕೂಡಲೇ ಗುಟ್ಟಾಗಿ ಒಂದು ಪರೀಕ್ಷೆ ನಡೆಸುತ್ತದೆ. ಆಂಡ್ರಾಯ್ಡಾದರೆ ಗೂಗಲ್‌ನ ಒಂದು ವಿಳಾಸವನ್ನು ಕೇಳಿ, 204 ಎಂಬ ಖಾಲಿ ಉತ್ತರ ಬಂದರೆ ದಾರಿ ತೆರೆದಿದೆ ಎಂದುಕೊಳ್ಳುತ್ತದೆ. ಖಾಲಿ ಉತ್ತರದ ಬದಲು ಯಾರದೋ ಪೇಜು ಬಂದರೆ, ಮಧ್ಯೆ ದ್ವಾರಪಾಲಕನಿದ್ದಾನೆಂದು ಆ ಪೇಜನ್ನೇ ನಮ್ಮ ಮುಂದೆ ಹಿಡಿಯುತ್ತದೆ. ಪೇಜು ಬಾರದಿದ್ದರೆ ವಿಪಿಎನ್ ಆನ್ ಇದೆಯೇ, ಪ್ರೈವೇಟ್ ಡಿಎನ್‌ಎಸ್ ಹಾಕಿದ್ದೀರೇ ನೋಡಬೇಕು. ಇವೆರಡೂ ದ್ವಾರಪಾಲಕನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಬ್ರೌಸರಿನಲ್ಲಿ ಬೀಗದ ಗುರುತಿಲ್ಲದ ಹಳೆಯ ಮಾದರಿಯ ಯಾವುದಾದರೂ ತಾಣವನ್ನು ತೆರೆದರೂ ಪೇಜು ಹೊರಬೀಳುವುದುಂಟು.

ಈ ಪೇಜಿನ ಪರಂಪರೆ ಆಂಧ್ರದಲ್ಲಿ ಹೊಸದೇನಲ್ಲ. ಗೂಗಲ್ ಮತ್ತು ರೈಲ್‌ಟೆಲ್ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಉಚಿತ ವೈಫೈ ಆರಂಭಿಸಿ, ಏಪ್ರಿಲಿನಲ್ಲಿ ಸೇರಿಸಿದ ಒಂಬತ್ತು ನಿಲ್ದಾಣಗಳಲ್ಲಿ ವಿಜಯವಾಡವೂ ವಿಶಾಖಪಟ್ಟಣವೂ ಇದ್ದವು. ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಎರಡೂ ಕಡೆ ನಿಲ್ಲುವುದರಿಂದ ಮೊಬೈಲ್ ನಂಬರ್ ಹಾಕಿ ಓಟಿಪಿ ಕಾಯುವ ವ್ರತವನ್ನು ಕನ್ನಡಿಗರು ಆ ಪ್ಲಾಟ್‌ಫಾರಂಗಳಲ್ಲೇ ಕಲಿತರೆಂದು ಊಹಿಸಲು ಅವಕಾಶವಿದೆ. 2020ರಲ್ಲಿ ಗೂಗಲ್ ಕೈಬಿಟ್ಟರೂ ರೈಲ್‌ಟೆಲ್ ಮುಂದುವರಿಸಿತು. 2021ರ ಮಾರ್ಚಿನಿಂದ ದಿನಕ್ಕೆ ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಹಣ ಎಂಬ ಪದ್ಧತಿ ಬಂತು.

ಓಟಿಪಿಯಲ್ಲಿ ನೈಯಾಯಿಕರು ಅನ್ಯೋನ್ಯಾಶ್ರಯವೆನ್ನುವ ದೋಷವಿದೆ. ಮೊಬೈಲ್ ಸಿಗ್ನಲ್ ಇಲ್ಲವೆಂದೇ ಒಬ್ಬ ವೈಫೈ ಬೇಡುತ್ತಾನೆ. ವೈಫೈ ಬೇಕೆಂದರೆ ಓಟಿಪಿ ಬರಬೇಕು, ಓಟಿಪಿ ಬರಲು ಮೊಬೈಲ್ ಸಿಗ್ನಲ್ ಬೇಕು. ಕೊಲಂಬೊದಿಂದ ಬಂದಿಳಿದ, ಭಾರತದ ಸಿಮ್ ಇಲ್ಲದ ಗಾರ್ಮೆಂಟ್ಸ್ ಅಧಿಕಾರಿಗೆ ಈ ದೋಷ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಇದೇ ಜಾತಿಯ ಇನ್ನೊಂದು ದೋಷ ಹಳೆಯ ಲ್ಯಾಪ್‌ಟಾಪಿನದು. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ, ತಾಣಗಳ ಭದ್ರತಾ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲವೆಂದು ಅದು ಬಾಗಿಲು ಹಾಕಿಕೊಳ್ಳುತ್ತದೆ. ತಾರೀಖು ತಾನೇ ಸರಿಯಾಗಲು ನೆಟ್ ಬೇಕು, ನೆಟ್ಟಿಗೆ ತಾರೀಖು ಸರಿಯಿರಬೇಕು. ಕೈಯಿಂದಲೇ ತಾರೀಖು ತಿದ್ದುವುದೊಂದೇ ಪರಿಹಾರ. ಟೀವಿಯದು ಪಾಪ, ಬೇರೆ ಜನ್ಮ. ಅನೇಕ ಟೀವಿಗಳಿಗೆ ಪೇಜು ತೋರಿಸುವ ಬ್ರೌಸರೇ ಇಲ್ಲ. ಅದರ ಮ್ಯಾಕ್ ವಿಳಾಸವನ್ನು ಮ್ಯಾನೇಜರಿಗೆ ಬರೆದುಕೊಟ್ಟು ಅನುಮತಿ ಪಡೆಯಬೇಕು, ಇಲ್ಲವೇ ಫೋನಿನ ಹಾಟ್‌ಸ್ಪಾಟ್ ಕೊಡಬೇಕು.

ಇಷ್ಟೆಲ್ಲ ಸರಿಯಿದ್ದೂ ನೆಟ್ ಇಲ್ಲವೆಂದರೆ ಪಂಡಿತರನ್ನು ಬಿಟ್ಟು ಕೇಬಲ್ ಹುಡುಗನಿಗೆ ಫೋನ್ ಮಾಡಬೇಕು. ಅವನು ಕೇಳುವುದು ಒಂದೇ ಪ್ರಶ್ನೆ: "ರೆಡ್ ಲೈಟ್ ವಸ್ತೋಂದಾ ಸಾರ್?" ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬಲ್ಲಿ ಕೆಂಪು ದೀಪ ಹತ್ತಿದ್ದರೆ ಗಾಜಿನ ತಂತಿಯಲ್ಲಿ ಬೆಳಕು ಬರುತ್ತಿಲ್ಲ, ಪಾಸ್‌ವರ್ಡು, ಮ್ಯಾಕು, ಪಂಥ ಎಲ್ಲವೂ ವ್ಯರ್ಥ. 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಕೋವಿಂದ್ ಉದ್ಘಾಟಿಸಿದ, ತಿಂಗಳಿಗೆ 149 ರೂಪಾಯಿಗೆ ಟೀವಿ, ಫೋನು, ಇಂಟರ್ನೆಟ್ ಮೂರನ್ನೂ ಕೊಟ್ಟ ಸರ್ಕಾರದ ಫೈಬರ್‌ನೆಟ್ಟು ಹಳ್ಳಿಗಳನ್ನು ಮುಟ್ಟಿದ್ದು ವಿದ್ಯುತ್ ಕಂಬಗಳ ಮೇಲೆ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ಈ ಕರಾವಳಿಯ ಕಂಬಗಳನ್ನು ಏನು ಮಾಡಿತೆಂದು ಕಂಡವರು ಕೇಬಲ್ ಹುಡುಗನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಪ್ರಶ್ನೆಯೇ ಮೊದಲು, ಉಳಿದ ಶಾಸ್ತ್ರ ಆಮೇಲೆ.

ಹಳೆಯ ಶಾಸನಗಳ ಕೊನೆಗೆ ಶಾಪಾಶಯವಿರುತ್ತದೆ. ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ. ಇಲ್ಲಿ ರೂಟರ್ ಮುಟ್ಟಿದವರಿಗೆ ಅಂಥದ್ದೇನೂ ಬರೆದಿಲ್ಲ. ಅದೇ ಈ ಶಾಸನದ ದೊಡ್ಡ ದೋಷವೆಂದು ಲೇಖಕನ ಅಭಿಪ್ರಾಯ.

27 ಪಾಠಗಳಲ್ಲಿ ಯಾವುದು ಸಾಧು ಎಂಬುದನ್ನು ಕೊನೆಗೆ ನಿರ್ಣಯಿಸಿದ್ದು ಮ್ಯಾನೇಜರನ ಮಗಳು. ಅವಳು ತಂದೆಯ ಫೋನಿನ ವೈಫೈ ಸೆಟ್ಟಿಂಗಿನಲ್ಲಿ 'ಶೇರ್' ಒತ್ತಿ ಕ್ಯೂಆರ್ ಕೋಡು ತೋರಿಸಿದಳು. ನೆಟ್‌ವರ್ಕಿನ ಹೆಸರು, ಭದ್ರತೆಯ ಬಗೆ, ಪಾಸ್‌ವರ್ಡು ಮೂರೂ ಆ ಚೌಕದಲ್ಲೇ ಅಡಕವಾಗಿರುವುದರಿಂದ ಕ್ಯಾಮೆರಾ ಹಿಡಿದವರೆಲ್ಲ ಒಳಹೊಕ್ಕರು. ಪಾಠ ಸಣ್ಣ 'ಎಲ್', ಸಣ್ಣ 'ಓ', ಸೊನ್ನೆ. ಟೀವಿಗೆ ಕ್ಯಾಮೆರಾ ಇಲ್ಲದ್ದರಿಂದ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹೊಡೆಯುವವರಿಗಾಗಿ ಈ ಪ್ರಬಂಧ ಇನ್ನೂ ಪ್ರಸ್ತುತ. ಲಾಡ್ಜ್ ಮಾಲೀಕರಲ್ಲಿ ಒಂದೇ ವಿನಂತಿ: ಪಾಸ್‌ವರ್ಡನ್ನು ಕೈಯಲ್ಲಿ ಬರೆಯದೆ ಪ್ರಿಂಟ್ ತೆಗೆಸಿ, ಸೊನ್ನೆಗೆ ಅಡ್ಡಗೀಟು ಹಾಕಿಸಿ, ಪಕ್ಕದಲ್ಲಿ ಕ್ಯೂಆರ್ ಅಂಟಿಸಿ, ಬದಲಿಸಿದ ದಿನವೇ ಹಳೆಯ ಚೀಟಿಯನ್ನು ಕಿತ್ತುಹಾಕಿ.